ಫೋನ್ ಬಂದ ಕೂಡಲೇ ಬ್ಯಾಗು ಕಟ್ಟಬೇಡಿ

ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ತಾಲ್ಲೂಕುಗಳಲ್ಲಿ ಈ ವರ್ಷ ಪಿಯುಸಿ ಮುಗಿಸಿ, ಆಟದ ಬಲದ ಮೇಲೆ ಕಾಲೇಜು ಹುಡುಕುತ್ತಿರುವ ಹುಡುಗ ಹುಡುಗಿಯರಿಗೆ, ನಿಮ್ಮ ಹಳೇ ಪಿಟಿ ಮೇಷ್ಟ್ರ ಆಶೀರ್ವಾದಗಳು.

ನನಗೆ ಗೊತ್ತಿರುವ ಒಂದು ಮನೆಯ ಪಡಸಾಲೆಯಲ್ಲಿ ಮೂರು ಪ್ರಮಾಣಪತ್ರಗಳಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಅಪ್ಪ ಆಡಿದ್ದು ಬಳ್ಳಾರಿ ಜಿಲ್ಲೆಗೆ, ಮಗ ದಾವಣಗೆರೆ ಜಿಲ್ಲೆಗೆ, ಮಗಳು ವಿಜಯನಗರ ಜಿಲ್ಲೆಗೆ. ಮೂವರೂ ಕಬಡ್ಡಿ ಕಲಿತದ್ದು ಒಂದೇ ಮಣ್ಣಿನ ಅಂಕಣದಲ್ಲಿ. ಮನೆ ಇದ್ದಲ್ಲೇ ಇತ್ತು, ಜಿಲ್ಲೆಗಳೇ ಬಂದು ಹೋದವು. 1997ರಲ್ಲಿ ಹರಪನಹಳ್ಳಿಯನ್ನು ಬಳ್ಳಾರಿಯಿಂದ ಕಿತ್ತು ಹೊಸ ದಾವಣಗೆರೆ ಜಿಲ್ಲೆಗೆ ಹಾಕಿದರು, 2018ರಲ್ಲಿ ಮತ್ತೆ ಬಳ್ಳಾರಿಗೆ ತಂದರು, 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು. ದಾವಣಗೆರೆ ಕಾಲದಲ್ಲಿ ನಮ್ಮ ಮಕ್ಕಳು ವಿಭಾಗ ಮಟ್ಟಕ್ಕೆ ಬೆಂಗಳೂರು ವಿಭಾಗದಲ್ಲಿ ಆಡುತ್ತಿದ್ದರು, ಈಗ ಕಲಬುರಗಿ ವಿಭಾಗ. ಯಾವ ಊರು ನಮಗೆ ಹತ್ತಿರ, ಯಾವುದು ದೂರ ಅನ್ನುವುದನ್ನು ನಾವು ಮೂರು ಸಲ ಲೆಕ್ಕ ಹಾಕಿ ಮೂರು ಸಲ ಅಳಿಸಿದವರು. ಆದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಹೇಳುವ ಹಕ್ಕು ನನಗೆ ಇದೆ ಅಂದುಕೊಂಡಿದ್ದೇನೆ.

ಈಗ ಫಲಿತಾಂಶ ಬಂದಿದೆ. ನಿಮ್ಮಲ್ಲಿ ಹಲವರಿಗೆ ಫೋನ್ ಬರಲು ಶುರುವಾಗಿದೆ. ಕಳೆದ ಪಂದ್ಯಾವಳಿಯಲ್ಲಿ ನಿಮ್ಮ ರೈಡ್ ನೋಡಿದ ಯಾವುದೋ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರೋ, ಅಲ್ಲೇ ಓದುತ್ತಿರುವ ನಿಮ್ಮ ಊರಿನ ಅಣ್ಣನೋ ಮಾಡಿದ ಫೋನ್. ‘ಸೀಟು ಫ್ರೀ, ಹಾಸ್ಟೆಲ್ ಫ್ರೀ, ಊಟ ಫ್ರೀ, ಕಿಟ್ ಫ್ರೀ. ಮ್ಯಾಟ್ ಇದೆ, ಜಿಮ್ ಇದೆ. ಸೋಮವಾರ ಬಂದುಬಿಡು.’ ಮನೆಯಲ್ಲಿ ಸಂಭ್ರಮ. ಅವ್ವ ಖಡಕ್ ರೊಟ್ಟಿ ತಟ್ಟಲು ಕೂರುತ್ತಾಳೆ. ಯಾವ ಕೋರ್ಸ್ ಅಂತ ಯಾರೂ ಕೇಳಿರುವುದಿಲ್ಲ.

ನಾನೂ ಕೇಳಿರಲಿಲ್ಲ. ಹದಿನೈದು ವರ್ಷದ ಹಿಂದಿನ ಮಾತು. ನನ್ನ ಕೈಯಲ್ಲಿ ಒಬ್ಬ ರೈಡರ್ ತಯಾರಾಗಿದ್ದ. ಬೋನಸ್ ಗೆರೆಗೆ ಕಾಲು ಚಾಚಿದರೆ ಹಾವಿನ ನಾಲಗೆ. ದೂರದ ದೊಡ್ಡ ಕಾಲೇಜೊಂದರಿಂದ ಕರೆ ಬಂತು. ‘ಮ್ಯಾಟ್ ಇದೆಯಾ ಸರ್?’ ಅಂತ ಕೇಳಿದೆ, ‘ಇದೆ’ ಅಂದರು, ನಾನೇ ಬಸ್ಸು ಹತ್ತಿಸಿ ಬಂದೆ. ಹುಡುಗನಿಗೆ ಬಿ.ಕಾಂ. ಓದುವ ಆಸೆ. ಅಂಗಡಿ ಲೆಕ್ಕ ಬರೆಯುತ್ತಿದ್ದ ಅಪ್ಪನ ಮಗ ಅವನು. ಅಲ್ಲಿ ಆಟಗಾರರಿಗೆಲ್ಲ ಒಂದೇ ಕೋರ್ಸ್, ಒಂದೇ ಸೆಕ್ಷನ್. ಬೆಳಿಗ್ಗೆ ಐದೂವರೆಗೆ ಮೈದಾನ, ಒಂಬತ್ತಕ್ಕೆ ತರಗತಿಯಲ್ಲಿ ತೂಕಡಿಕೆ, ಸಂಜೆ ಮತ್ತೆ ಮೈದಾನ. ಎರಡನೇ ವರ್ಷ ಮೊಣಕಾಲಿನ ಲಿಗಮೆಂಟ್ ಹರಿಯಿತು. ಆ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಹಾಸ್ಟೆಲಿನ ಮಂಚ ಇನ್ನೊಬ್ಬ ರೈಡರ್‌ಗೆ ಹೋಗಿತ್ತು. ನಾಲ್ಕು ಪೇಪರ್ ಬಾಕಿ ಇಟ್ಟುಕೊಂಡು ಊರಿಗೆ ಬಂದ. ಈಗ ಪಿಕಪ್ ಗಾಡಿಯಲ್ಲಿ ಎಪಿಎಂಸಿಗೆ ಮೆಕ್ಕೆಜೋಳ ಹೊಡೆಯುತ್ತಾನೆ. ಎದುರು ಸಿಕ್ಕರೆ ಗಾಡಿ ನಿಲ್ಲಿಸಿ ‘ಸಾರ್, ಚಾ ಕುಡೀರಿ’ ಅನ್ನುತ್ತಾನೆ. ಆ ಚಾ ನನಗೆ ಇವತ್ತಿಗೂ ಸರಿಯಾಗಿ ಇಳಿಯುವುದಿಲ್ಲ.

ಆ ಕಾಲೇಜಿನ ಹೆಸರು ಬೇಡ. ತಪ್ಪಿನಲ್ಲಿ ಅರ್ಧ ನನ್ನದು. ಅವರು ಅವರಿಗೆ ಬೇಕಾದದ್ದನ್ನು ನೋಡಿ ಆರಿಸಿಕೊಂಡರು. ನಾವು ನಮಗೆ ಬೇಕಾದದ್ದನ್ನು ನೋಡಲಿಲ್ಲ.

ಮೊದಲು ವಯಸ್ಸಿನ ಲೆಕ್ಕ ಹಾಕಿ. ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ಆಡಲು 17ರಿಂದ 25 ವರ್ಷದ ಒಳಗಿರಬೇಕು, ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು. ನಮ್ಮ ರಾಜ್ಯದಲ್ಲಿ 2024ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಹದಿನೆಂಟಕ್ಕೆ ಸೇರಿದರೆ ಇಪ್ಪತ್ತೊಂದಕ್ಕೆ ಪದವಿ, ಇಪ್ಪತ್ತಮೂರಕ್ಕೆ ಬಿ.ಪಿ.ಇಡಿ., ಇಪ್ಪತ್ತೈದಕ್ಕೆ ಎಂ.ಪಿ.ಇಡಿ. ಅಂದರೆ ಓದು ನಿಲ್ಲಿಸದೆ ಹೋದವರಿಗೆ ವಿಶ್ವವಿದ್ಯಾಲಯದ ಜೆರ್ಸಿ ಹಾಕಲು ಏಳು ವರ್ಷ ಸಿಗುತ್ತದೆ. ಎರಡನೇ ವರ್ಷ ಪೇಪರ್ ಬಾಕಿ ಇಟ್ಟು ಕೂತವರಿಗೆ ಎರಡೇ. ಓದು ಬಿಟ್ಟರೆ ಆಟಕ್ಕೆ ಸಮಯ ಸಿಗುತ್ತದೆ ಅಂತ ಹೇಳುವವರಿಗೆ ಈ ಲೆಕ್ಕ ತೋರಿಸಿ. ಪ್ರೊ ಕಬಡ್ಡಿ ಅನ್ನುತ್ತೀರಾ? ಇಡೀ ದೇಶಕ್ಕೆ ತಂಡ ಹನ್ನೆರಡು. ಹರಿಯಾಣದ ಒಂದೊಂದು ಊರಿನಲ್ಲೇ ಎರಡು ತಂಡಕ್ಕಾಗುವಷ್ಟು ಹುಡುಗರಿದ್ದಾರೆ. ಕನಸು ಕಾಣಿ, ಬೇಡ ಅನ್ನುವುದಿಲ್ಲ. ಆದರೆ ಅಡ್ಮಿಷನ್ ಫಾರಂ ತುಂಬುವ ಹೊತ್ತಿಗೆ ಎಚ್ಚರವಾಗಿರಿ.

ಫಾರಂ ವಿಷಯ ಬಂದಿದ್ದರಿಂದ ಇನ್ನೊಂದು. ಆಟಗಾರ ಅಂದ ಕೂಡಲೇ ಬಹಳ ಕಡೆ ಬಿ.ಎ. ಅರ್ಜಿ ಕೈಗಿಡುತ್ತಾರೆ. ಬಿ.ಎ. ಕೀಳು ಅಂತಲ್ಲ, ಇತಿಹಾಸ ಇಷ್ಟಪಟ್ಟು ಓದಿ ಕೆಎಎಸ್ ಬರೆದವರನ್ನು ನಾನು ಬಲ್ಲೆ. ನನ್ನ ತಕರಾರು ಆ ಅರ್ಜಿ ಕೊಡುವ ಕಾರಣದ ಬಗ್ಗೆ. ಬಿ.ಎಸ್ಸಿ.ಗೆ ಪ್ರಾಕ್ಟಿಕಲ್ ಇರುತ್ತದೆ, ಮಧ್ಯಾಹ್ನ ಲ್ಯಾಬ್ ಇದ್ದರೆ ಅಭ್ಯಾಸ ತಪ್ಪುತ್ತದೆ, ಅದಕ್ಕೆ ಬಿ.ಎ. ನಿಮ್ಮ ತಲೆಗೆ ಯಾವ ವಿಷಯ ಹಿಡಿಸುತ್ತದೆ ಅನ್ನುವುದು ಆ ನಿರ್ಧಾರದಲ್ಲಿ ಎಲ್ಲೂ ಇಲ್ಲ. ವಿಜ್ಞಾನದಲ್ಲಿ ಪಾಸಾದ ಖೋ ಖೋ ಹುಡುಗಿಯೊಬ್ಬಳು ‘ಸರ್, ನನಗೆ ನರ್ಸಿಂಗ್ ಮಾಡಬೇಕು, ಆಟವೂ ಬೇಕು’ ಅಂತ ಹೋದ ವರ್ಷ ಕೇಳಿದಳು. ಎರಡೂ ಸಿಗುವ ದಾರಿ ಹುಡುಕಬೇಕಾದವರು ನಾವು ದೊಡ್ಡವರು. ಸಿಇಟಿ ಅರ್ಜಿಯಲ್ಲಿ ಕ್ರೀಡಾ ಕೋಟಾದ ಕಾಲಂ ಇದೆ. ನಮ್ಮ ಕಡೆಯ ಎಷ್ಟೋ ಮಕ್ಕಳು ರಾಜ್ಯಮಟ್ಟದ ಪ್ರಮಾಣಪತ್ರವನ್ನು ಟ್ರಂಕಿನಲ್ಲಿಟ್ಟುಕೊಂಡೇ ಆ ಕಾಲಂ ಖಾಲಿ ಬಿಟ್ಟು ಬರುತ್ತಾರೆ.

ಭಾಷೆಯ ಮಾತನ್ನೂ ಮುಚ್ಚಿಡಬಾರದು. ಸರ್ಕಾರಿ ಪಿಯು ಕಾಲೇಜಿನಲ್ಲಿ ಕನ್ನಡದಲ್ಲಿ ವಾಣಿಜ್ಯ ಓದಿದ ಹುಡುಗ ದೂರದ ಊರಿನ ಇಂಗ್ಲಿಷ್ ತರಗತಿಯಲ್ಲಿ ಕೂತರೆ ಮೊದಲ ಸೆಮಿಸ್ಟರ್ ಪೂರ್ತಿ ಗೋಡೆ ನೋಡುತ್ತಾನೆ. ಅದರ ಮೇಲೆ ಪಂದ್ಯಾವಳಿ ಅಂತ ಇಪ್ಪತ್ತು ದಿನ ಗೈರು. ಶೇ. 75 ಹಾಜರಿ ಬೇಕು ಅನ್ನುತ್ತಾರೆ, ಆಟಗಾರರಿಗೆ ಹಾಜರಿ ಕೊಡುತ್ತಾರೆ ಕೂಡ. ಪಾಠ ಮಾತ್ರ ಯಾರೂ ಕೊಡುವುದಿಲ್ಲ. ಹಾಗಾಗಿ ಕಾಲೇಜಿನವರನ್ನು ನೇರವಾಗಿ ಕೇಳಿ: ತಪ್ಪಿದ ತರಗತಿಗೆ ಸಂಜೆಯೋ ಭಾನುವಾರವೋ ಯಾರಾದರೂ ಪಾಠ ಮಾಡುತ್ತಾರಾ? ಪಂದ್ಯ ಮತ್ತು ಪರೀಕ್ಷೆ ಒಂದೇ ದಿನ ಬಿದ್ದರೆ ಏನು ಮಾಡುತ್ತೀರಿ? ಹೋದ ವರ್ಷದ ತಂಡದಲ್ಲಿ ಎಷ್ಟು ಮಂದಿ ಎಲ್ಲ ಪೇಪರ್ ಪಾಸಾಗಿದ್ದಾರೆ? ಕೊನೆಯ ಪ್ರಶ್ನೆಗೆ ಅವರು ತಡವರಿಸಿದರೆ ಅದೇ ಉತ್ತರ.

ಹೀಗೆ ವಿಚಾರಿಸಿ ಸೇರುವ ವಾಡಿಕೆ ಬೇರೆ ಕಡೆ ಇದೆ. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಅಂದರೆ ನಮ್ಮ ಮೈಲಾರದ ಜಾತ್ರೆ ಇದ್ದಂತೆ, ಅಷ್ಟು ಜನ, ಅಷ್ಟು ದುಡ್ಡು. ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ ಅದು, ಕೈಯಲ್ಲಿ ಚೆಂಡು ಹಿಡಿದು ಓಡುವ ಆಟ. ಮೇಲಿನ ದರ್ಜೆಯ ಕಾಲೇಜು ತಂಡಗಳಿಗೆ ಹೈಸ್ಕೂಲಿನ ಹುಡುಗರನ್ನು ಆರಿಸುವಾಗ ಹದಿನಾರು ಮುಖ್ಯ ಪಾಠಗಳಲ್ಲಿ ನಾಲ್ಕಕ್ಕೆ 2.3ರಷ್ಟಾದರೂ ಸರಾಸರಿ ಇರಲೇಬೇಕು ಅಂತ ನಿಯಮ. ಹುಡುಗ ಅಪ್ಪ ಅಮ್ಮನನ್ನು ಕರೆದುಕೊಂಡು ಕಾಲೇಜಿಗೆ ಹೋಗಿ, ಮೈದಾನದ ಜೊತೆ ತರಗತಿ, ಹಾಸ್ಟೆಲು, ಊಟದ ಮನೆ ಎಲ್ಲ ನೋಡಿ ಬರುವುದು ಅಲ್ಲಿ ವಾಡಿಕೆ. ಸ್ಟ್ಯಾನ್‌ಫರ್ಡ್‌ನಲ್ಲಿ ಆಂಡ್ರ್ಯೂ ಲಕ್ ಅಂತ ಒಬ್ಬನಿದ್ದ. 2011ರಲ್ಲಿ ವೃತ್ತಿಪರ ಲೀಗಿಗೆ ಹೊರಟರೆ ಮೊದಲನೆಯವನಾಗಿ ಆಯ್ಕೆಯಾಗುತ್ತಾನೆ ಅಂತ ಎಲ್ಲರೂ ಹೇಳುತ್ತಿದ್ದರು. ಅವನು ವಾಸ್ತುವಿನ್ಯಾಸದ ಪದವಿ ಮುಗಿಸುತ್ತೇನೆ ಅಂತ ಇನ್ನೊಂದು ವರ್ಷ ಕಾಲೇಜಿನಲ್ಲೇ ಉಳಿದ. 2012ರಲ್ಲಿ ಹೋದ, ಆಗಲೂ ಮೊದಲನೆಯವನಾಗಿಯೇ ಆಯ್ಕೆಯಾದ. ಅಲ್ಲೂ ಮೋಸ, ದುಡ್ಡಿನಾಟ ಬೇಕಾದಷ್ಟಿದೆ, ನಾನೇನು ಅವರನ್ನು ಹೊಗಳಲು ಹೊರಟಿಲ್ಲ. ಹೋಗಿ ನೋಡಿಕೊಂಡು ಬರುವ ಆ ಒಂದು ಅಭ್ಯಾಸ ಮಾತ್ರ ನಮಗೂ ಬರಲಿ ಅನ್ನುವ ಆಸೆ.

ಇನ್ನು ಊರಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹರಪನಹಳ್ಳಿಯಿಂದ ದಾವಣಗೆರೆ ಹತ್ತಿರ ಹತ್ತಿರ 45 ಕಿಲೋಮೀಟರ್. ಬಳ್ಳಾರಿ 130ರ ಆಸುಪಾಸು. ಮೂಡುಬಿದಿರೆ ಘಟ್ಟ ಇಳಿದು ಸುಮಾರು 300. ನಮ್ಮ ಮಕ್ಕಳನ್ನು ಹೆಚ್ಚು ಸೆಳೆಯುವುದು ಈ ಕೊನೆಯ ದಿಕ್ಕೇ. ಅದಕ್ಕೆ ಕಾರಣವೂ ಇದೆ. ಡಾ. ಎಂ. ಮೋಹನ ಆಳ್ವರ ಸಂಸ್ಥೆ ಆಟಗಾರರನ್ನು ದತ್ತು ತೆಗೆದುಕೊಂಡು ಓದಿಸುತ್ತದೆ. ಅಲ್ಲಿನ ಸ್ವರಾಜ್ ಮೈದಾನದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ. ಉಜಿರೆಯಲ್ಲೂ ಆಟಗಾರರನ್ನು ಇಟ್ಟುಕೊಂಡು ಬೆಳೆಸುವ ಪರಂಪರೆ ಇದೆ. ನಮ್ಮ ಐದು ತಾಲ್ಲೂಕಿನಲ್ಲಿ ಕಬಡ್ಡಿ ಇನ್ನೂ ಹೆಚ್ಚಾಗಿ ಮಣ್ಣಿನ ಮೇಲೆ. ಮಣ್ಣಿನಲ್ಲಿ ಕಲಿತ ಕಾಲು ಮ್ಯಾಟಿನ ಮೇಲೆ ಮೊದಲ ತಿಂಗಳು ಅಂಟಿಕೊಳ್ಳುತ್ತದೆ, ಬರಿಗಾಲಿನವರು ಶೂ ಹಾಕಿ ತಿರುಗುವುದನ್ನು ಹೊಸದಾಗಿ ಕಲಿಯಬೇಕು. ಹದಿನೆಂಟಕ್ಕೆ ಅದನ್ನು ಕಲಿಯದವರು ಇಪ್ಪತ್ತೆರಡಕ್ಕೆ ಕಲಿಯುವುದು ಕಷ್ಟ. ಆದ್ದರಿಂದ ದೂರ ಹೋಗಬೇಡಿ ಅಂತ ನಾನು ಸುಮ್ಮನೆ ಹೇಳಲಾರೆ.

ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ ಓದಿದ್ದು ಮಂಗಳೂರಿನ ಗೋಕರ್ಣನಾಥೇಶ್ವರ ಕಾಲೇಜಿನಲ್ಲಿ. ಅಲ್ಲಿಂದ ರೈಲ್ವೆ ತಂಡ, ಭಾರತ ತಂಡ, 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನ, ಅರ್ಜುನ ಪ್ರಶಸ್ತಿ. ಆ ಹುಡುಗಿಗೆ ಒಳ್ಳೆಯ ಕಾಲೇಜು ಪಕ್ಕದ ಜಿಲ್ಲೆಯ ಬಸ್ಸು ದಾರಿಯಲ್ಲಿತ್ತು. ನಮ್ಮ ಹುಡುಗಿಗೆ ಅದೇ ಕಾಲೇಜಿಗೆ ಹೋಗಬೇಕಾದರೆ ಊಟ ಬೇರೆ, ಮಳೆ ಬೇರೆ, ಮಾತು ಬೇರೆ. ಜೂನ್‌ನಿಂದ ನಾಲ್ಕು ತಿಂಗಳು ಒಗೆದ ಬಟ್ಟೆ ಒಣಗುವುದಿಲ್ಲ. ಕುಚ್ಚಲಕ್ಕಿ ಅನ್ನ ಹೊಟ್ಟೆ ತುಂಬಿಸಿದರೂ ಜೋಳದ ರೊಟ್ಟಿ ತಿಂದು ಬೆಳೆದವರಿಗೆ ಊಟ ಮಾಡಿದ ಹಾಗೆ ಆಗುವುದಿಲ್ಲ. ಇದೆಲ್ಲ ಸಣ್ಣ ಮಾತು ಅಂತ ಕೋಚ್‌ಗಳು ನಗುತ್ತಾರೆ. ನಾನು ಕಳಿಸಿದ ಮಕ್ಕಳಲ್ಲಿ ಅರ್ಧಕ್ಕೆ ಬಿಟ್ಟು ಬಂದವರು ಬಹುಪಾಲು ಬಂದದ್ದು ಮೊದಲ ಮಳೆಗಾಲದಲ್ಲೇ. ಸೋತು ಬಂದವರಲ್ಲ ಅವರು, ಮನೆ ನೆನಪಾಗಿ ಬಂದವರು.

ಹೆಣ್ಣುಮಕ್ಕಳ ಮಟ್ಟಿಗೆ ಈ ದೂರದ ಲೆಕ್ಕ 2023ರ ಜೂನ್‌ನಿಂದ ಸ್ವಲ್ಪ ಬದಲಾಗಿದೆ. ಶಕ್ತಿ ಯೋಜನೆ ಬಂದ ಮೇಲೆ ಸಾರಿಗೆ ಸಂಸ್ಥೆಯ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಮೊದಲೆಲ್ಲ ಮಗಳು ದೀಪಾವಳಿಗೊಮ್ಮೆ ಯುಗಾದಿಗೊಮ್ಮೆ ಬಂದರೆ ಹೆಚ್ಚು, ಈಗ ತಿಂಗಳಿಗೊಮ್ಮೆ ಬಂದು ಹೋಗುವ ಹುಡುಗಿಯರಿದ್ದಾರೆ. ಕಳಿಸಲು ಹಿಂಜರಿಯುತ್ತಿದ್ದ ಅಪ್ಪಂದಿರು ಒಪ್ಪಿಕೊಳ್ಳಲು ಇದೂ ಒಂದು ಕಾರಣ. ಒಂದು ಎಚ್ಚರಿಕೆ: ಕರಾವಳಿಯ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಶಕ್ತಿ ನಡೆಯುವುದಿಲ್ಲ. ರಾತ್ರಿಯ ಸ್ಲೀಪರ್ ಬಸ್ಸಿಗೂ ಇಲ್ಲ.

ತಾಂಡಾದ ಮಕ್ಕಳಿಗೆ ಬೇರೆ ಮಾತು ಹೇಳಬೇಕು. ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಕಡೆಯ ಎಷ್ಟೋ ತಾಂಡಾಗಳಲ್ಲಿ ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ. ದೊಡ್ಡವರೆಲ್ಲ ಕಾಫಿ ತೋಟಕ್ಕೋ ಕಬ್ಬು ಕಡಿಯಲಿಕ್ಕೋ ಗುಳೆ ಹೋಗಿರುತ್ತಾರೆ. ಅಂಥ ಮನೆಯ ಒಬ್ಬ ವಾಲಿಬಾಲ್ ಹುಡುಗನಿಗೆ ‘ಅಷ್ಟು ದೂರ ಹೋಗ್ತೀಯೇನೋ’ ಅಂತ ಕೇಳಿದೆ. ‘ಸರ್, ನಮ್ ಯಾಡಿ ಚಿಕ್ಕಮಗಳೂರ ತೋಟದಾಗೈತಿ. ಘಟ್ಟ ಹತ್ತಿದ್ರೆ ಅವ್ವ. ನಿಮಗೇ ದೂರ, ನನಗಲ್ಲ’ ಅಂದ. ನನ್ನ ನಕಾಶೆ ಆವತ್ತು ತಲೆಕೆಳಗಾಯಿತು. ಅವನಿಗೆ ಹಾಸ್ಟೆಲಿನ ಮೂರು ಹೊತ್ತಿನ ಊಟ ಅಂದರೆ ಬೀಗ ಹಾಕಿದ ಮನೆಗಿಂತ ಹತ್ತಿರದ ಮನೆ. ಆದ್ದರಿಂದ ದೂರವನ್ನು ಹರಪನಹಳ್ಳಿ ಬಸ್ ನಿಲ್ದಾಣದಿಂದ ಅಳೆಯಬೇಡಿ. ನಿಮಗೆ ಜ್ವರ ಬಂದರೆ ಯಾರು ಬರಬೇಕೋ ಅವರು ಇರುವ ಕಡೆಯಿಂದ ಅಳೆಯಿರಿ.

ಹತ್ತಿರದ ಕಾಲೇಜುಗಳ ಬಗ್ಗೆ ನಿಮಗೆ ತಾತ್ಸಾರ ಇದೆ, ಗೊತ್ತು. ಕೊಟ್ಟೂರೇಶ್ವರ ಕಾಲೇಜು, ಹಡಗಲಿಯ ಜಿ.ಬಿ.ಆರ್. ಕಾಲೇಜು, ನಮ್ಮೂರಿನ ಎಸ್.ಯು.ಜೆ.ಎಂ., ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಎಲ್ಲ ನಿಮ್ಮ ಕಣ್ಣಿಗೆ ಮನೆ ಹಿತ್ತಲ ಗಿಡ. ಆದರೆ ಒಂದು ವಿಷಯ ಯೋಚಿಸಿ. ಕಬಡ್ಡಿ ತಂಡದಲ್ಲಿ ಹನ್ನೆರಡೇ ಜನ, ಅಂಕಣಕ್ಕೆ ಇಳಿಯುವುದು ಏಳೇ ಜನ. ಇಡೀ ರಾಜ್ಯದ ಆಟಗಾರರನ್ನು ಗುಡ್ಡೆ ಹಾಕಿಕೊಂಡ ಕಾಲೇಜಿನಲ್ಲಿ ನೀವು ಮೂರು ವರ್ಷವೂ ಪ್ರಾಕ್ಟೀಸ್ ತಂಡದಲ್ಲೇ ಉಳಿಯಬಹುದು. ಬೆಳಗಿನ ಜಾವ ಎದ್ದು ಇನ್ನೊಬ್ಬ ರೈಡರ್‌ಗೆ ಕ್ಯಾಚ್ ಕೊಟ್ಟು, ಅವನು ವಿಶ್ವವಿದ್ಯಾಲಯದ ತಂಡಕ್ಕೆ ಹೋಗುವುದನ್ನು ನೋಡುವುದು. 2010ರಲ್ಲಿ ಬಳ್ಳಾರಿಯಲ್ಲಿ ಶುರುವಾದ ನಮ್ಮ ಕಡೆಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ತಂಡವೂ ಮಂಗಳೂರು ವಿಶ್ವವಿದ್ಯಾಲಯದ ತಂಡವೂ ಆಡುವುದು ಅದೇ ದಕ್ಷಿಣ ವಲಯದಲ್ಲಿ. ಅಂತರ ವಿಶ್ವವಿದ್ಯಾಲಯ ಪ್ರಮಾಣಪತ್ರದ ಮೇಲೆ ಬರುವುದು ಆಡಿದವನ ಹೆಸರು. ಬೆಂಚಿನ ಹಿಂದೆ ನಿಂತವನಿಗೆ ಪ್ರಮಾಣಪತ್ರ ಇಲ್ಲ. ನೀವು ನಿಜಕ್ಕೂ ಮೇಲಿನ ದರ್ಜೆಯ ಆಟಗಾರರಾದರೆ ಘಟ್ಟ ಇಳಿಯಿರಿ. ತಾಲ್ಲೂಕಿಗೆ ಒಳ್ಳೆಯವರು, ರಾಜ್ಯಕ್ಕೆ ಸಾಧಾರಣ ಅನ್ನುವ ಮಟ್ಟದವರಾದರೆ (ಬೇಸರ ಬೇಡ, ನಾನೂ ಅದೇ ಮಟ್ಟದವನು) ಹತ್ತಿರದ ಕಾಲೇಜೇ ನಿಮ್ಮನ್ನು ಹೆಚ್ಚು ಆಡಿಸುತ್ತದೆ. ಯಾವ ಮಟ್ಟ ಅಂತ ನಿಮ್ಮ ಅಪ್ಪನನ್ನು ಕೇಳಬೇಡಿ. ಎದುರು ತಂಡದ ಕಾರ್ನರ್‌ನನ್ನು ಕೇಳಿ.

ಅಪ್ಪಂದಿರು ನನ್ನ ಬಳಿ ಬಂದು ಗುಟ್ಟಾಗಿ ಕೇಳುವ ಪ್ರಶ್ನೆ ಬೇರೆಯೇ ಇದೆ. ‘ಮೇಷ್ಟ್ರೇ, ಮಗ ಮಂಗಳೂರ ಕಡೆ ಓದಿದ್ರೆ 371 ಜೆ ಮೀಸಲಾತಿ ಹೋಗ್ತದಾ?’ ಈ ಭಯ ಎಷ್ಟು ಮಂದಿಯನ್ನು ಕಟ್ಟಿಹಾಕಿದೆಯೋ ದೇವರೇ ಬಲ್ಲ. ಹೋಗುವುದಿಲ್ಲ. ಕಲ್ಯಾಣ ಕರ್ನಾಟಕದಲ್ಲಿ ಹುಟ್ಟಿದವರು, ಹತ್ತು ವರ್ಷ ಇಲ್ಲಿ ನೆಲೆಸಿದವರು, ಅಂಥವರ ಮಕ್ಕಳು ಸ್ಥಳೀಯರೇ. ಪದವಿ ಎಲ್ಲಿ ಓದಿದರು ಅನ್ನುವುದು ಅದಕ್ಕೆ ಅಡ್ಡ ಬರುವುದಿಲ್ಲ. ಅರ್ಹತಾ ಪತ್ರ ಕೊಡುವ ಉಪವಿಭಾಗಾಧಿಕಾರಿ ಕಚೇರಿ ಹರಪನಹಳ್ಳಿಯಲ್ಲೇ ಇದೆ, ಊರು ಬಿಡುವ ಮುನ್ನ ಮಾಡಿಸಿಕೊಳ್ಳಿ. ಅದರ ಬೆಲೆ ನೋಡಿ: ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70 ಸೀಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8. ನಮ್ಮ ಭಾಗದ ಸಿ ಗುಂಪಿನ ಹುದ್ದೆಗಳಲ್ಲಿ ಶೇ. 80 ಸ್ಥಳೀಯರಿಗೆ. ಪದವಿಯಲ್ಲಿ ಶೇ. 50 ಅಂಕ ಮತ್ತು ಆಡಿದ ಪ್ರಮಾಣಪತ್ರ ಇದ್ದರೆ ಬಿ.ಪಿ.ಇಡಿ.ಗೆ ಅರ್ಜಿ ಹಾಕಬಹುದು. ಮುಂದೆ ದೈಹಿಕ ಶಿಕ್ಷಕರ ಹುದ್ದೆ ಕರೆದಾಗ 371 ಜೆ ಅರ್ಹತಾ ಪತ್ರ ಕೈಯಲ್ಲಿರಬೇಕು. ಶೇ. 48 ತೆಗೆದುಕೊಂಡ ಒಬ್ಬಳು ಆ ಶೇ. 2ಕ್ಕಾಗಿ ನನ್ನ ಮುಂದೆ ಕೂತು ಅತ್ತಿದ್ದಾಳೆ. ಹಾಗಾಗಿ ಓದು ಅಂದಾಗ ನಾನು ರ‍್ಯಾಂಕಿನ ಮಾತು ಆಡುತ್ತಿಲ್ಲ.

ಈಗ ಕೆಲಸದ ಮಾತು. ಕರೆದ ಕಾಲೇಜಿಗೆ ಸೇರುವ ಮೊದಲು ಒಮ್ಮೆ ಹೋಗಿ ಬನ್ನಿ, ಅಪ್ಪನೋ ಅವ್ವನೋ ಜೊತೆಗಿರಲಿ. ಕೋಚ್ ತೋರಿಸಿದ್ದನ್ನು ನೋಡಿದ ಮೇಲೆ ಕೋಚ್ ಇಲ್ಲದ ಹೊತ್ತಿನಲ್ಲಿ ಮೂರನೇ ವರ್ಷದವರ ಹಾಸ್ಟೆಲಿಗೆ ಹೋಗಿ. ಗಾಯವಾಗಿ ಕೂತಿರುವವರು ಯಾರಿದ್ದಾರೆ ಅಂತ ಕೇಳಿ, ಅವರ ಜೊತೆ ಚಾ ಕುಡಿಯಿರಿ. ಗಾಯವಾದರೆ ಆಸ್ಪತ್ರೆ ಖರ್ಚು ಯಾರದು, ಆಡಲಾಗದಿದ್ದರೂ ಪದವಿ ಮುಗಿಯುವ ತನಕ ಸೀಟು, ಹಾಸ್ಟೆಲು ಇರುತ್ತದಾ ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತಿನ ‘ಫ್ರೀ’ಗೆ ರಸೀದಿ ಇರುವುದಿಲ್ಲ. ಮೂಲ ಅಂಕಪಟ್ಟಿ ಅಲ್ಲೇ ಬಿಟ್ಟು ಬರಬೇಡಿ. ಕಾಲೇಜುಗಳು ಮೂಲ ದಾಖಲೆ ಪರಿಶೀಲಿಸಿ ಹಿಂದಿರುಗಿಸಬೇಕು, ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ಅಂಕಪಟ್ಟಿ ಅವರ ಬೀರುವಿನಲ್ಲಿ ಸಿಕ್ಕಿಕೊಂಡರೆ ಕಾಲೇಜು ಬದಲಿಸುವ ಧೈರ್ಯವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ನನ್ನ ಸಹೋದ್ಯೋಗಿ ಪಿಟಿ ಮೇಷ್ಟ್ರುಗಳಿಗೂ ಇಲ್ಲೇ ಒಂದು ಮಾತು. ನಾವು ಕಳಿಸಿದ ಮಗು ಯಾವ ಕಾಲೇಜಿಗೆ ಹೋಯಿತು ಅನ್ನುವುದನ್ನು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುತ್ತೇವೆ. ಪದವಿ ಮುಗಿಸಿತಾ ಅಂತ ಮೂರು ವರ್ಷದ ಮೇಲೆ ಒಂದು ಫೋನ್ ಮಾಡುವುದಿಲ್ಲ. ಅಲ್ಲಿಂದ ಬರುವ ಶಾಲು, ಸನ್ಮಾನ ಇಟ್ಟುಕೊಳ್ಳೋಣ, ಬೇಡ ಅನ್ನುವುದಿಲ್ಲ. ಫೋನೂ ಮಾಡೋಣ.

ಮಕ್ಕಳೇ, ನಾನು ದಿನಾ ಸಂಜೆ ಐದಕ್ಕೆ ಮೈದಾನದ ಬೇವಿನ ಮರದ ಕೆಳಗೆ ಇರುತ್ತೇನೆ. ಕರೆ ಬಂದಿರುವ ಕಾಲೇಜಿನ ಹೆಸರು, ಅವರು ಕೊಡುತ್ತೇನೆಂದ ಕೋರ್ಸ್, ನಿಮಗೆ ಬೇಕಾದ ಕೋರ್ಸ್, ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ. ಪಿಕಪ್ ಗಾಡಿಯವನಿಗೂ ಹೇಳಿದ್ದೇನೆ, ಲೋಡ್ ಇಲ್ಲದ ದಿನ ಅವನೂ ಬಂದು ಕೂರುತ್ತಾನೆ. ನನಗಿಂತ ಅವನನ್ನು ಹೆಚ್ಚು ಕೇಳಿ.

ಇಂತಿ,
ನಿವೃತ್ತ ದೈಹಿಕ ಶಿಕ್ಷಕ,
ಹರಪನಹಳ್ಳಿ